ಸವಳು ನೀರು

ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಭೂಮಿಯನ್ನು ತಣಿಸಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಳೆಂಬುದು ವಾಚಕರಿಗೆ ವಿದಿತವೇ ಇದೆ. 1972ರಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದ ತರುವಾಯ ಕಾಲುವೆಯ ನೀರಿನಿಂದ ಬೆಳೆ ಹೆಚ್ಚಿತು. ಅದರೊಡನೆ ತಗ್ಗಿನ ಹೊಲಗಳಿಗೆ ಸವಳು-ಜವಳೂ ಬಂದಿತು.

ಇದಕ್ಕೆ ಕಾರಣವೇನು? ಎರೆಮಣ್ಣು ನೀರನ್ನು ಬೇಗನೆ ಬಸಿಯಗೊಡದು. ಅತಿಯಾಗಿ ಹಾಯಿಸಿದ ನೀರು ಕೆಳಗೆ ನಿಂತು, ನೆಲದೊಳಗಿನ ಲವಣವನ್ನು ಕರಗಿಸಿಕೊಂಡು, ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲಕ್ಕೇರುವುದು. ಬಿಸಿಲಿಗೆ ನೀರು ಆರಿಹೋಗಿ ಉಪ್ಪು ಮಾತ್ರ ಉಳಿಯುವುದು. ಮಳೆ ಹೆಚ್ಚಾದ ಕಿತ್ತೂರಿನ ಕಡೆ ಅದು ತೊಳೆದುಹೋಗುವುದು. ಮಳೆ ಕಡಮೆಯಾದ ರಾಮದುರ್ಗದ ಕಡೆ ನಿಂತು, ಬಾವಿಗಳಿಗೂ ಹಳ್ಳಗಳಿಗೂ ಇಳಿಯುವುದು.

ಭಾರತೀಯ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಕರಗಿದ ಘನಾಂಶವು 500 ಮಿಲಿಗ್ರಾಂ ಮೀರದಿರುವುದು ಒಳಿತು. ಬೇರೆ ನೀರಿಲ್ಲದಲ್ಲಿ 2000ದ ವರೆಗೆ ಸಹ್ಯವು. ನೀರನ್ನು ಕಾಯಿಸಿದರೆ ರೋಗಬೀಜಗಳು ಸಾಯುವವು, ಉಪ್ಪು ಹೋಗದು. ಆವಿಯಾದಷ್ಟೂ ಅದು ಹೆಚ್ಚುವುದು.

ಆದುದರಿಂದ ಗೃಹಸ್ಥರಲ್ಲಿ ನಾವು ವಿಜ್ಞಾಪಿಸುವುದಿಷ್ಟು: ಬೇಳೆ ಬೇಯದಿದ್ದರೆ, ಸಾಬೂನಿಗೆ ನೊರೆ ಬಾರದಿದ್ದರೆ ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸತಕ್ಕದ್ದು. ಮಾಳಿಗೆಯ ಮಳೆನೀರನ್ನು ಸೋಸಿ ಕೂಡಿಡತಕ್ಕದ್ದು. ಹೊಲದಲ್ಲಿ ಬಸಿಗಾಲುವೆ ತೋಡಿ, ಬೆಳೆಗೆ ಬೇಕಾದಷ್ಟೇ ನೀರು ಹಾಯಿಸತಕ್ಕದ್ದು. ಮೇಲಿನ ಹೊಲದವನು ಮಿತಿಮೀರಿ ಹರಿಸಿದ ನೀರು ಕೆಳಗಿನ ಮನೆಯ ಕೂಸಿನ ಬಟ್ಟಲಿಗೆ ಉಪ್ಪಾಗಿ ಬರುವುದೆಂಬುದನ್ನು ಮರೆಯಲಾಗದು.