ಒನ್ ಟ್ವೆಂಟಿ ಕ್ಯಾಮೆರಾಗೆ ಹಳೆಯ ವ್ಯೂಫೈಂಡರ್

ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಲೆನ್ಸ್ ಬೇರೆ ಆಗಿರುವುದೇ ಹೆಚ್ಚು. ಇವೆರಡರ ನಡುವಿನ ಅಂತರವನ್ನು ನಿಭಾಯಿಸಲು ಹುಟ್ಟಿಕೊಂಡ ಬಿಡಿ ಸಲಕರಣೆಗಳು ಹತ್ತಾರು. ಈ ಕ್ಯಾಮೆರಾಗಳು ಬಳಸುವ 120 ಅಳತೆಯ ಫಿಲ್ಮನ್ನು ಕೊಡಾಕ್ ಕಂಪನಿ 1901ರಲ್ಲಿ ಹೊರತಂದಿತು. ಸುಮಾರು ಆರು ಸೆಂಟಿಮೀಟರ್ ಅಗಲದ, ಬೆನ್ನಿಗೆ ಕಾಗದವಿರುವ ಆ ಸುರುಳಿ ಇಂದಿಗೂ ಸಿಗುತ್ತದೆ. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾಗೂ ಇದೇ ಫಿಲ್ಮ್. ಹಳೆಯ ಆಲ್ಬಮ್‌ಗಳ ಚೌಕ ಫೋಟೊಗಳಲ್ಲಿ ಅನೇಕವು ಅದರವೇ. ಚೌಕ ಚಿತ್ರವಾದರೆ ರೋಲಿಗೆ ಹನ್ನೆರಡು, 6×9 ಆದರೆ ಎಂಟೇ ಎಂಟು. ಆದ್ದರಿಂದ ಗುಂಡಿ ಒತ್ತುವ ಮೊದಲೇ ಚೌಕಟ್ಟು ಖಚಿತವಾಗಿರಬೇಕು.

ಯಾವ ಸಲಕರಣೆ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ತಿಳಿಯಲು ಪೆನುಕೊಂಡ, ಹಿಂದೂಪುರ ಸೀಮೆಗಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. ವಿಜಯನಗರದ ಅರಸರು 1565ರ ಸೋಲಿನ ನಂತರ ನೆಲೆ ನಿಂತ ಪೆನುಕೊಂಡದಲ್ಲಿ ಗಗನ ಮಹಲಿದೆ, ಬೆಟ್ಟದ ಕೋಟೆಯಿದೆ, ಬಾಬಯ್ಯನ ದರ್ಗಾ ಇದೆ. ಹಿಂದೂಪುರದ ಪಕ್ಕದ ಲೇಪಾಕ್ಷಿಯಲ್ಲಿ ವೀರಭದ್ರನ ಗುಡಿಯೂ ಏಕಶಿಲೆಯ ನಂದಿಯೂ ಇವೆ. ಉರಿಬಿಸಿಲು, ಕತ್ತಲ ಮಂಟಪ, ಎತ್ತರದ ಗೋಡೆ, ಜನಜಂಗುಳಿ ಎಲ್ಲವೂ ಒಂದೇ ಸೀಮೆಯಲ್ಲಿ ಎದುರಾಗುತ್ತವೆ.

ಮೊದಲು ಪ್ಯಾರಲಾಕ್ಸ್, ಅಂದರೆ ಕಣ್ಣಿಗೆ ಕಂಡದ್ದಕ್ಕೂ ಲೆನ್ಸ್ ಹಿಡಿದದ್ದಕ್ಕೂ ಬರುವ ವ್ಯತ್ಯಾಸದ ತೊಂದರೆ. ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿ 1929ರಲ್ಲಿ ಬಂದ ರೋಲಿಫ್ಲೆಕ್ಸ್, ಆಮೇಲಿನ ಯಾಷಿಕಾ ಮ್ಯಾಟ್, ಮಾಮಿಯಾ ಸಿ 330 ಇವೆಲ್ಲ ಜೋಡಿ ಲೆನ್ಸಿನವು. ಮೇಲಿನದು ನೋಡಲು, ಕೆಳಗಿನದು ಚಿತ್ರ ಹಿಡಿಯಲು. ಎರಡರ ನಡುವೆ ಸುಮಾರು ನಾಲ್ಕೈದು ಸೆಂಟಿಮೀಟರ್ ಅಂತರ. ಹತ್ತು ಮೀಟರ್ ದೂರದಿಂದ ಲೇಪಾಕ್ಷಿ ನಂದಿಯನ್ನು ತೆಗೆಯುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಮೀಟರ್ ದೂರದಲ್ಲಿ ಚೌಕಟ್ಟಿಗೆ ಸಿಗುವುದೇ ಸುಮಾರು 70 ಸೆಂಟಿಮೀಟರ್. ಅಲ್ಲಿ ಐದು ಸೆಂಟಿಮೀಟರ್ ತಪ್ಪಿದರೆ ಕಂಬದ ಮೇಲಿನ ಶಿಲ್ಪದ ಕಿರೀಟವೇ ಹಾರಿಹೋಗುತ್ತದೆ. ರೋಲಿಫ್ಲೆಕ್ಸ್‌ನಲ್ಲಿ ಫೋಕಸ್ ತಿರುಗಿಸಿದಂತೆ ಪರದೆಯ ಕೆಳಗಿನ ಚೌಕಟ್ಟು ಸರಿದು ಇದನ್ನು ಸರಿದೂಗಿಸುತ್ತದೆ. ಇನ್ನೂ ಹತ್ತಿರಕ್ಕೆ ಹೋಗಲು ರೋಲಿನಾರ್ ಎಂಬ ಜೋಡಿ ಮಸೂರಗಳಿವೆ. ಮೇಲಿನ ಲೆನ್ಸಿಗೆ ಹಾಕುವ ಮಸೂರ ದಪ್ಪ. ಅದು ನೋಟವನ್ನು ಕೆಳಗೆ ಬಾಗಿಸುತ್ತದೆ. ಅದರ ಕೆಂಪು ಚುಕ್ಕೆ ಮೇಲಕ್ಕೆ ಬರುವಂತೆ ಹಾಕದಿದ್ದರೆ ಪ್ರಯೋಜನವಿಲ್ಲ. ಮಾಮಿಯಾದವರ ಪ್ಯಾರಾಮೆಂಡರ್ ಇನ್ನೂ ಸರಳ: ಟ್ರೈಪಾಡ್ ಮೇಲೆ ಕೂರುವ ಈ ಎತ್ತುಗ, ನೋಡಿ ಮುಗಿದ ಮೇಲೆ ಕೆಳಗಿನ ಲೆನ್ಸನ್ನು ಮೇಲಿನದು ಇದ್ದ ಜಾಗಕ್ಕೇ ಏರಿಸುತ್ತದೆ. ನಿಶ್ಚಲ ಶಿಲ್ಪಕ್ಕೆ ಇದಕ್ಕಿಂತ ನಂಬಿಕಸ್ತ ಉಪಾಯವಿಲ್ಲ.

ಮೇಲಿನಿಂದ ಬಗ್ಗಿ ನೋಡುವ ಮಡಿಚು ಹುಡ್‌ನಲ್ಲಿ ಚಿತ್ರ ನೆಟ್ಟಗೇ ಕಾಣುತ್ತದೆ, ಎಡಬಲ ಮಾತ್ರ ಅದಲು ಬದಲು. ಪ್ರಿಸಂ ಹಾಕಿದರೆ ಎಡಬಲ ಸರಿಯಾಗುತ್ತದೆ, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಆದರೆ ತೂಕ ಹೆಚ್ಚುತ್ತದೆ. ಹುಡ್ ಬಿಚ್ಚಲು ಬರುವ ಮಾದರಿಗಳಿಗಷ್ಟೇ ಅದು ಕೂರುತ್ತದೆ. ಸೋವಿಯತ್ ಕಾಲದ ಕೀವ್ 88 ಕ್ಯಾಮೆರಾದ ಪ್ರಿಸಂ ಹಾಸೆಲ್‌ಬ್ಲಾಡ್ ಕ್ಯಾಮೆರಾಗೂ ಹೊಂದುತ್ತದೆಂಬುದು ಹಳೆಯ ಸಾಮಾನು ಹುಡುಕುವವರಿಗೆ ಉಪಯುಕ್ತ ಸಂಗತಿ.

ಪ್ರಿಸಂ ಎಲ್ಲ ಕಡೆಗೂ ಮೇಲು ಎಂದೇನಿಲ್ಲ. ಲೇಪಾಕ್ಷಿಯ ನಾಟ್ಯಮಂಟಪದ ಒಳಮಾಳಿಗೆಯಲ್ಲಿ ವಿಜಯನಗರ ಕಾಲದ ಚಿತ್ರಗಳಿವೆ. ಅವನ್ನು ನೇರ ಕೆಳಗಿನಿಂದ ತೆಗೆಯಬೇಕಾದರೆ ಲೆನ್ಸು ಮೇಲೆ ನೋಡುವಂತೆ ಕ್ಯಾಮೆರಾವನ್ನು ಅಂಗಾತ ಇಡಬೇಕು. ಆಗ 45 ಡಿಗ್ರಿ ಪ್ರಿಸಂನ ಕಣ್ಣು ನೆಲದ ಕಡೆಗೆ ವಾಲುತ್ತದೆ, ನೋಡುವವರ ಕತ್ತು ಸೋಲುತ್ತದೆ. ಅದೇ ಹಳೆಯ ಹುಡ್ ಆದರೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ನೆಲದ ಮೇಲೆ ಕುಳಿತು ನೇರಕ್ಕೆ ನೋಡಿದರಾಯಿತು. ಕೊಳವೆಯಾಕಾರದ ಚಿಮ್ನಿ ಫೈಂಡರ್ ಇದ್ದರೆ ಮತ್ತೂ ಒಳ್ಳೆಯದು: ಹೊರಗಿನ ಬೆಳಕು ಪರದೆಗೆ ಬೀಳದು, ಬಿಂಬ ದೊಡ್ಡದಾಗಿ ಕಾಣುತ್ತದೆ. ಇದೇ ಚಿಮ್ನಿ ಪೆನುಕೊಂಡದ ಬೆಟ್ಟದ ಮೇಲಿನ ನಡುಹಗಲಿಗೂ ಆಗುತ್ತದೆ. ಲೇಪಾಕ್ಷಿಯ ಗುಡಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಟ್ರೈಪಾಡ್‌ಗೆ ಮುಂಚೆಯೇ ಅನುಮತಿ ಪಡೆಯಬೇಕು. ಭಿತ್ತಿಚಿತ್ರಗಳ ಮುಂದೆ ಫ್ಲ್ಯಾಶ್ ಹೊಡೆಯುವುದು ತರವಲ್ಲ.

ಗಗನ ಮಹಲಿನ ಕಮಾನುಗಳಿಗೆ ಬೇರೆಯೇ ಸವಾಲು. ಗೋಪುರ ಹಿಡಿಸಲೆಂದು ಕ್ಯಾಮೆರಾ ಮೇಲಕ್ಕೆ ವಾಲಿಸಿದರೆ ಗೋಡೆಗಳು ಹಿಂದಕ್ಕೆ ಬಾಗಿದಂತೆ ಕಾಣುತ್ತವೆ. ಹಾಸೆಲ್‌ಬ್ಲಾಡ್‌ನ 1954ರ ಅಗಲನೋಟದ ಕ್ಯಾಮೆರಾ 38 ಮಿ.ಮೀ. ಬಯೋಗಾನ್ ಲೆನ್ಸಿನದು, ಅದಕ್ಕೆ ಕನ್ನಡಿಯೇ ಇಲ್ಲ, ಮೇಲೆ ಸಿಕ್ಕಿಸುವ ಫೈಂಡರ್ ಮಾತ್ರ. ಈ ಸರಣಿಯಲ್ಲಿ ರಸಮಟ್ಟದ ಗುಳ್ಳೆಯೂ ಫೈಂಡರ್ ಒಳಗೇ ಕಾಣುತ್ತದೆ. ನೆಲ, ಗೋಡೆ ಎರಡೂ ನೇರ ಬರುವುದು ಆ ಗುಳ್ಳೆಯಿಂದಲೇ. ಬೇರೆ ಕ್ಯಾಮೆರಾಗಳಿಗೆ ಶೂ (ಬಿಡಿ ಸಲಕರಣೆ ಸಿಕ್ಕಿಸುವ ಜಾಗ) ಮೇಲೆ ಕೂರಿಸುವ ಸಣ್ಣ ರಸಮಟ್ಟವೂ ಸಾಕು.

ಉರುಸಿನ ಮೆರವಣಿಗೆ, ರಥೋತ್ಸವಗಳಂತಹ ಚಲಿಸುವ ದೃಶ್ಯಕ್ಕೆ ಗಾಜೇ ಇಲ್ಲದ ಸ್ಪೋರ್ಟ್ಸ್ ಫೈಂಡರ್ ಹೊಂದುತ್ತದೆ. ರೋಲಿಫ್ಲೆಕ್ಸ್ ಹುಡ್‌ನ ಮುಂದಿನ ತಗಡನ್ನು ಒಳಕ್ಕೆ ಒತ್ತಿದರೆ ಚೌಕ ಕಿಟಕಿ ತೆರೆಯುತ್ತದೆ; ಹಿಂದಿನ ಕಿಂಡಿಯಿಂದ ಅದರ ಮೂಲಕ ನೋಡಬೇಕು. ಫೋಗ್ಟ್‌ಲೆಂಡರ್ ಕಂಪನಿಯ ಕೊಂಟೂರ್ ಫೈಂಡರ್ ಮತ್ತೂ ಸೊಗಸು. ಅದರೊಳಗೆ ಕಪ್ಪು ಹಿನ್ನೆಲೆಯ ಬಿಳಿ ಚೌಕಟ್ಟು ಮಾತ್ರ. ಎರಡೂ ಕಣ್ಣು ತೆರೆದಿಟ್ಟರೆ ಒಂದಕ್ಕೆ ಚೌಕಟ್ಟು, ಇನ್ನೊಂದಕ್ಕೆ ಜನ. ಮಿದುಳು ಎರಡನ್ನೂ ಕೂಡಿಸುತ್ತದೆ. ಮಡಿಚುವ ಹಳೆಯ ಕ್ಯಾಮೆರಾಗಳ ಮಸುಕು ಕಿಂಡಿಗೆ ಇದು ಉತ್ತಮ ಬದಲಿ, ಆದರೆ 6×6, 6×9 ಅಳತೆಗಳಿಗೆ ಬೇರೆ ಬೇರೆ ಕೊಂಟೂರ್ ಇವೆ.

35 ಮಿ.ಮೀ. ಕ್ಯಾಮೆರಾದ ಫೈಂಡರನ್ನು ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗೆ ಬಳಸುವವರು ಲೆಕ್ಕ ಹಾಕಿಕೊಳ್ಳಬೇಕು. 6×9ರ ಉದ್ದ ಅಗಲಗಳ ಪ್ರಮಾಣ 35 ಮಿ.ಮೀ. ಚಿತ್ರದಂತೆಯೇ 3:2, ಲೆನ್ಸಿನ ಅಳತೆಯನ್ನು ಸುಮಾರು 2.3ರಿಂದ ಭಾಗಿಸಿದರೆ ಸಾಕು. 65 ಮಿ.ಮೀ. ಲೆನ್ಸಿಗೆ 28ರ ಫೈಂಡರ್ ಸರಿಹೋಗುತ್ತದೆ. ಚೌಕ ಚಿತ್ರಕ್ಕೆ ಈ ಲೆಕ್ಕ ನಡೆಯದು.

ಹಳೆಯ ಫೈಂಡರ್ ಕೊಳ್ಳುವಾಗ ಪ್ರಿಸಂನ ಬೆಳ್ಳಿಲೇಪ ಕಿತ್ತಿದೆಯೇ, ಗಾಜಿನಲ್ಲಿ ಬೂಷ್ಟು ಹಿಡಿದಿದೆಯೇ, ಶೂನಲ್ಲಿ ಅಲ್ಲಾಡುತ್ತದೆಯೇ ನೋಡಬೇಕು. ಒಣಹವೆಯ ಪೆನುಕೊಂಡ ಸೀಮೆಯಲ್ಲಿ ಬೂಷ್ಟಿಗಿಂತ ಧೂಳೇ ಶತ್ರು. ಆಮೇಲೆ ಫಿಲ್ಮ್ ಹಾಕುವ ಮೊದಲು ಒಂದು ಪರೀಕ್ಷೆ: ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಹಿಂಬಾಗಿಲು ತೆರೆದು, ಫಿಲ್ಮ್ ಕೂರುವ ಜಾಗಕ್ಕೆ ಟ್ರೇಸಿಂಗ್ ಪೇಪರ್ ಅಂಟಿಸಿ, ಷಟರನ್ನು ‘ಬಿ’ಯಲ್ಲಿ ತೆರೆದಿಡಬೇಕು. ಕಾಗದದ ಮೇಲೆ ಬಿದ್ದ ತಲೆಕೆಳಗಾದ ಬಿಂಬದ ಅಂಚುಗಳನ್ನು ಫೈಂಡರ್ ತೋರಿಸುವ ಅಂಚುಗಳೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಒಂದು, ಮೂರು, ಹತ್ತು ಮೀಟರ್ ದೂರಗಳಿಗೆ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು.