ಬೈಕ್ ಸ್ಟಾರ್ಟ್ ಮಾಡಿ ಐದು ನಿಮಿಷ ಹಾಗೇ ಬಿಡಬೇಕಾ?

ಚಳಿ ಶುರುವಾದರೆ ಸಾಕು, ಫ್ಯಾಮಿಲಿ ಗ್ರೂಪುಗಳಲ್ಲಿ ಈ ಸಲಹೆ ಮತ್ತೆ ಓಡಾಡತೊಡಗುತ್ತದೆ: ಬೆಳಗ್ಗೆ ಬೈಕ್ ಸ್ಟಾರ್ಟ್ ಮಾಡಿದ ತಕ್ಷಣ ಹೊರಡಬೇಡಿ, ಐದು-ಹತ್ತು ನಿಮಿಷ ಎಂಜಿನ್ ಹಾಗೇ ಓಡಲಿ, ಇಲ್ಲದಿದ್ದರೆ ಪಿಸ್ಟನ್ ಹಾಳಾಗುತ್ತದೆ. ಕೆಲವರು ಇದಕ್ಕೆ ಇನ್ನೊಂದನ್ನೂ ಸೇರಿಸುತ್ತಾರೆ: ನಡುನಡುವೆ ಆಕ್ಸಿಲರೇಟರ್ ತಿರುವಿ ಗುರ್ ಅನ್ನಿಸಿದರೆ ಎಂಜಿನ್ ಬೇಗ ಬಿಸಿಯಾಗುತ್ತದಂತೆ.

ಮೊದಲನೆಯದು ಅರ್ಧ ನಿಜ, ಅದೂ ಹಳೆಯ ಬೈಕ್‌ಗಳ ಮಟ್ಟಿಗೆ. ಎರಡನೆಯದು ಪೂರ್ತಿ ತಪ್ಪು.

ಸಲಹೆ ಹುಟ್ಟಿದ್ದು ಕಾರ್ಬ್ಯುರೇಟರ್ ಕಾಲದಲ್ಲಿ. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಹಾಗಾಗಿ ಚೋಕ್ ಎಳೆದು ಗಾಳಿ ಕಡಿಮೆ ಮಾಡಿ, ಪೆಟ್ರೋಲಿನ ಪಾಲು ಹೆಚ್ಚಿಸಬೇಕಿತ್ತು. ಎಂಜಿನ್ ಒಂದಿಷ್ಟು ಬಿಸಿಯಾಗುವ ಮೊದಲೇ ಹೊರಟರೆ ತಿರುವಿನಲ್ಲೋ ಸಿಗ್ನಲ್ಲಿನಲ್ಲೋ ಆಫ್. ಹಳೇ ಬುಲೆಟ್ಟನ್ನೋ ಆರ್‌ಎಕ್ಸ್ 100 ಅನ್ನೋ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2020ರ ಏಪ್ರಿಲ್ 1ರಂದು ದೇಶದಲ್ಲಿ ಬಿಎಸ್6 ನಿಯಮ ಬಂತು. ಆಮೇಲೆ ಬಂದ ಬಹುತೇಕ ಎಲ್ಲಾ ಹೊಸ ಪೆಟ್ರೋಲ್ ಬೈಕ್, ಸ್ಕೂಟರ್‌ಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಇದೆ. ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ಸೆನ್ಸರ್ ಹೇಳುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಒಳಗಿನ ಪುಟ್ಟ ಕಂಪ್ಯೂಟರ್ ಬಿಡುತ್ತದೆ. ಅಂದರೆ ಚೋಕ್ ಎಳೆಯುವ ಕೆಲಸ ತಾನಾಗಿ ನಡೆಯುತ್ತದೆ.

ಆದರೆ ಎಣ್ಣೆ? ರಾತ್ರಿಯಿಡೀ ನಿಂತ ಬೈಕಿನಲ್ಲಿ ಎಂಜಿನ್ ಆಯಿಲ್ ಕೆಳಗೆ ಇಳಿದಿರುತ್ತದೆ ಎಂಬುದು ನಿಜ. ಹಾಗಂತ ಮೇಲಿನ ಭಾಗಗಳು ಪೂರ್ತಿ ಒಣಗಿರುವುದಿಲ್ಲ, ತೆಳುವಾದ ಪದರ ಅಂಟಿಕೊಂಡಿರುತ್ತದೆ. ಎಂಜಿನ್ ತಿರುಗಿದ ಕೂಡಲೇ ಆಯಿಲ್ ಪಂಪ್ ಕೂಡ ತಿರುಗುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಎಣ್ಣೆ ಮೇಲಕ್ಕೆ ತಲುಪುತ್ತದೆ. ಇದಕ್ಕೆ ಐದು ನಿಮಿಷ ಬೇಡ. ಆಯಿಲ್ ಡಬ್ಬಿಯ ಮೇಲೆ 10ಡಬ್ಲ್ಯೂ-30 ಎಂದು ಬರೆದಿರುವುದನ್ನು ನೋಡಿರುತ್ತೀರಿ. ಆ ಡಬ್ಲ್ಯೂ ಎಂದರೆ ವಿಂಟರ್. 10ಡಬ್ಲ್ಯೂ ಎನ್ನಿಸಿಕೊಳ್ಳಬೇಕಾದರೆ ಮೈನಸ್ 25 ಡಿಗ್ರಿಯಲ್ಲೂ ಎಂಜಿನ್ ತಿರುಗಲು ಬಿಡುವಷ್ಟು ಆ ಎಣ್ಣೆ ತೆಳುವಾಗಿರಬೇಕು. ಬೀದರಿನಲ್ಲಿ ತೀರಾ ಚಳಿ ಬಿದ್ದ ಬೆಳಗ್ಗೆ 10 ಡಿಗ್ರಿ ಆಸುಪಾಸು ಇದ್ದೀತು. ನಮಗದು ನಡುಕ, ಎಣ್ಣೆಗೆ ಏನೂ ಅಲ್ಲ.

ತಣ್ಣಗಿನ ಎಂಜಿನ್ನಿಗೆ ನಿಜವಾಗಿ ಪೆಟ್ಟು ಬೀಳುವುದು ಒಮ್ಮೆಲೇ ಜೋರಾಗಿ ತಿರುಗಿಸಿದಾಗ. ಅಲ್ಯೂಮಿನಿಯಂ ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ, ಸುತ್ತಲಿನ ಸಿಲಿಂಡರ್ ಅಷ್ಟು ಬೇಗ ಹಿಗ್ಗುವುದಿಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಗುರ್ರೆನ್ನಿಸುವ ಅಭ್ಯಾಸ ಕೆಟ್ಟದ್ದು ಎನ್ನುವುದು ಇದಕ್ಕೇ. ಟೂ ಸ್ಟ್ರೋಕ್ ಬೈಕ್‌ಗಳಲ್ಲಂತೂ ಪಿಸ್ಟನ್ ಜಾಮ್ ಆಗುವುದೂ ಉಂಟು.

ನಿಂತಲ್ಲೇ ಓಡಿಸಿದರೆ ಎಂಜಿನ್ ಬಿಸಿಯಾಗುವುದು ನಿಧಾನ. ಅಷ್ಟು ಹೊತ್ತೂ ಅದು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಪೂರ್ತಿ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿನ ಆಯಿಲ್‌ಗೆ ಸೇರುತ್ತದೆ. ಎಂಜಿನ್ ಉಳಿಸಲು ಮಾಡಿದ ಕೆಲಸವೇ ಅದನ್ನು ಸವೆಸಿದಂತಾಯಿತು. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ: ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಸೈಲೆನ್ಸರ್ ಬಿಸಿಯಾಗಿದ್ದರೆ ಆವಿಯಾಗಿ ಹೋಗುತ್ತದೆ, ತಣ್ಣಗಿದ್ದರೆ ಒಳಗೇ ನಿಂತು ತುಕ್ಕು ಹಿಡಿಸುತ್ತದೆ. ಲೆಕ್ಕಕ್ಕೆ, ದಿನಕ್ಕೆ ಐದು ನಿಮಿಷವೆಂದರೆ ವರ್ಷಕ್ಕೆ 30 ಗಂಟೆ. ಆ 30 ಗಂಟೆಯ ಮೈಲೇಜ್ ಸೊನ್ನೆ.

ಹಾಗಾದರೆ ಏನು ಮಾಡಬೇಕು? ಸ್ಟಾರ್ಟ್ ಮಾಡಿ, ಹೆಲ್ಮೆಟ್ ಹಾಕಿ ಬಕಲ್ ಬಿಗಿಯುವಷ್ಟು ಹೊತ್ತು ಬಿಡಿ. ಮೊದಲ ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಓಡಿಸಿ. ಕಾರ್ಬ್ಯುರೇಟರ್ ಬೈಕ್ ಆದರೆ ಚೋಕ್ ಇಲ್ಲದೆ ನಿಲ್ಲುವವರೆಗೆ ಕಾಯಿರಿ, ಬಹುಶಃ ಒಂದು ನಿಮಿಷ. ಲಡಾಖ್ ಟ್ರಿಪ್ಪಿಗೆ ಹೋದವರು ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು ಕಾಯಬಹುದು. ಬೈಕ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಏನಾದರೂ ಹೇಳಿದ್ದರೆ ಅದನ್ನೇ ನಂಬಿ, ಫಾರ್ವರ್ಡನ್ನಲ್ಲ. ಈ ಲೇಖನವನ್ನೂ ಅಲ್ಲ.

ಪೆಟ್ರೋಲು, ಪಿಸ್ಟನ್ನಿನ ವಿಷಯ ಹೋಗಲಿ ಬಿಡಿ, ದುಡ್ಡಿನ ಮಾತು. ಈ ಸಲಹೆಯಲ್ಲಿ ಅಪಾಯ ಬೇರೆ ಕಡೆ ಇದೆ. ಕಳ್ಳರ ಭಯಕ್ಕೆ ಎಷ್ಟೋ ಮನೆಗಳಲ್ಲಿ ರಾತ್ರಿ ಬೈಕನ್ನು ಹಾಲ್‌ಗೋ ಪಡಸಾಲೆಗೋ ತಂದು ನಿಲ್ಲಿಸುತ್ತಾರೆ. ಇನ್ನು ಕೆಲವು ಕಡೆ ಪಾರ್ಕಿಂಗ್‌ಗೆ ತಾಗಿಕೊಂಡೇ ಮಲಗುವ ಕೋಣೆಯ ಕಿಟಕಿ. ಬೆಳಗ್ಗೆ ಅಲ್ಲೇ ಸ್ಟಾರ್ಟ್ ಮಾಡಿ, ಬಿಸಿಯಾಗಲಿ ಎಂದು ಬಿಟ್ಟು ಒಳಗೆ ಕಾಫಿ ಕುಡಿಯಲು ಹೋಗುತ್ತಾರೆ. ತಣ್ಣಗಿನ ಎಂಜಿನ್ ಕಾರ್ಬನ್ ಮಾನಾಕ್ಸೈಡ್ ಅನ್ನು ಅತಿ ಹೆಚ್ಚು ಉಗುಳುವುದು ಇದೇ ಹೊತ್ತಿನಲ್ಲಿ. ಸೈಲೆನ್ಸರಿನೊಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರು ಮಾಡಲು ಸುಮಾರು 250ರಿಂದ 300 ಡಿಗ್ರಿ ಬಿಸಿ ಬೇಕು. ಬಿಎಸ್6 ಗಾಡಿ ಎಂದು ನೆಮ್ಮದಿಯಾಗಿರುವಂತಿಲ್ಲ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಎಚ್ಚರವಿದ್ದವರು ಹೊರಗೆ ಹೋಗಬಹುದು. ನಿದ್ದೆಯಲ್ಲಿರುವ ಮಗುವಿಗೆ ಅದೂ ತಿಳಿಯುವುದಿಲ್ಲ. ಆದ್ದರಿಂದ ಬೈಕನ್ನು ತಳ್ಳಿಕೊಂಡು ಬೀದಿಗೆ ತಂದ ಮೇಲೆಯೇ ಸ್ಟಾರ್ಟ್ ಮಾಡಿ.

ಮನೆಯೊಳಗೆ ಎಂಜಿನ್ ಓಡುತ್ತಿದ್ದಾಗ ಯಾರಿಗಾದರೂ ಹೀಗಾದರೆ ಮೊದಲು ಅವರನ್ನು ಹೊರಗಿನ ಗಾಳಿಗೆ ಕರೆತನ್ನಿ, ಎಂಜಿನ್ ಆಫ್ ಮಾಡಿಸಿ, 108ಕ್ಕೆ ಕರೆ ಮಾಡಿ. ಕೋವಿಡ್ ಸಮಯದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಹಾಕಿ ನೋಡಿ, 98 ಇದೆ ಎಂದು ಸುಮ್ಮನಾಗಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಆ ಸಾಧನ ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರಿಗೆ, ಮುಚ್ಚಿದ ಜಾಗದಲ್ಲಿ ಬೈಕ್ ಓಡುತ್ತಿತ್ತು ಎಂಬುದನ್ನು ಮೊದಲೇ ಹೇಳಿ. ಯಾವ ರಕ್ತಪರೀಕ್ಷೆ ಮಾಡಿಸಬೇಕೆಂದು ಅವರಿಗೆ ತಿಳಿಯುವುದು ಆ ಮಾತಿನಿಂದ.