ಅರಗಿನ ತಟ್ಟೆ, ಉಕ್ಕಿನ ಮುಳ್ಳು

ಗೌಹರ್ ಜಾನ್ ಅವರ ಹಳೆಯ ಗ್ರಾಮಾಫೋನ್ ಪ್ಲೇಟುಗಳಲ್ಲಿ ಹಾಡು ಮುಗಿಯುತ್ತಿದ್ದಂತೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಸಾರುತ್ತಾರೆ. ಈಗ ಕೇಳುವವರಿಗೆ ಅದು ಕಲಾವಿದೆಯ ಠೀವಿ ಅನಿಸುತ್ತದೆ. ಠೀವಿಯೂ ಇತ್ತೇನೋ, ಆದರೆ ಅಸಲಿ ಕಾರಣ ಕಾರ್ಖಾನೆಯದು. 1902ರ ನವೆಂಬರಿನಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತದ ಹೋಟೆಲೊಂದರಲ್ಲಿ ಆಕೆಯ ದನಿಯನ್ನು ಮುದ್ರಿಸಿಕೊಂಡಾಗ ಪ್ಲೇಟು ಅಚ್ಚು ಹಾಕುವ ಯಂತ್ರ ಈ ದೇಶದಲ್ಲಿರಲಿಲ್ಲ. ಮೂಲಮುದ್ರಿಕೆಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಠುಮ್ರಿಯ ಗಂಧವೇ ಇಲ್ಲದ ಅಲ್ಲಿನ ಕೆಲಸಗಾರರು ಯಾವ ಪ್ಲೇಟಿಗೆ ಯಾರ ಲೇಬಲ್ ಅಂಟಿಸಬೇಕು? ಅದಕ್ಕೇ ಹೆಸರನ್ನು ಹಾಡಿನ ಬಾಲಕ್ಕೆ ಕಟ್ಟಿದರು. (ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.)

ಅಚ್ಚು ಜರ್ಮನಿಯದಾದರೂ ಪ್ಲೇಟಿನ ಅಂಟು ನಮ್ಮದು. ಛೋಟಾ ನಾಗಪುರದ ಕಡೆ ಮುತ್ತುಗ, ಎಲಚಿ ಮರಗಳ ಕೊಂಬೆಗಳ ಮೇಲೆ ಅರಗಿನ ಹುಳು ಸುರಿಸುವ ರಾಳವೇ ಶೆಲ್ಯಾಕ್. ಅದು ಕಲ್ಕತ್ತದಿಂದ ಯುರೋಪಿಗೆ ಹೋಗಿ ಹಾಡಾಗಿ ಮರಳುತ್ತಿತ್ತು. 1908ರಲ್ಲಿ ಕಲ್ಕತ್ತದ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದ ಮೇಲೆ ಈ ಸುತ್ತಾಟ ತಪ್ಪಿತು.

ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ರಾಗ ಬೆಳೆಸುವವರು ಅಷ್ಟರಲ್ಲೇ ಆಲಾಪ, ಬಂದಿಶ್, ತಾನ್ ಎಲ್ಲ ಮುಗಿಸಬೇಕು. ಸಂಗೀತವನ್ನು ಕತ್ತರಿಸಿದರು ಎಂದು ಕೊರಗುವವರಿದ್ದಾರೆ. ನನಗೆ ಹಾಗನಿಸಿಲ್ಲ. ಅಬ್ದುಲ್ ಕರೀಂ ಖಾನರ ಪ್ಲೇಟುಗಳಲ್ಲಿ ಒಂದು ಸ್ವರವೂ ಸುಮ್ಮನೆ ಬಂದು ಹೋಗುವುದಿಲ್ಲ. 1930ರ ದಶಕದಲ್ಲಿ ನಮ್ಮ ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ ಎಚ್‌ಎಂವಿಗೆ ಹಾಡಿದರು. ಗಂಗೂಬಾಯಿಯ ಹೆಸರು ಆಗಿನ್ನೂ ‘ಗಾಂಧಾರಿ’.

ಈ ಪ್ಲೇಟುಗಳನ್ನು ನುಡಿಸುವುದೇ ಒಂದು ವಿದ್ಯೆ. ಪ್ಲೇಟಿನಲ್ಲಿ ಅರಗಿಗಿಂತ ಕಲ್ಲಿನ ಪುಡಿಯೇ ಹೆಚ್ಚು. ಈ ಪುಡಿ ಉಕ್ಕಿನ ಮುಳ್ಳಿನ ತುದಿಯನ್ನು ಮೊದಲ ಕೆಲವು ಸುತ್ತುಗಳಲ್ಲೇ ತೇಯ್ದು ಗೀರಿನ ಅಳತೆಗೆ ತರುತ್ತದೆ. ಸವೆಯಬೇಕಾದದ್ದು ಮುಳ್ಳು, ಪ್ಲೇಟಲ್ಲ. ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ತುದಿ ಚಪ್ಪಟೆಯಾಗಿ ಅಂಚು ಹರಿತವಾಗಿರುತ್ತದೆ. ಅದನ್ನೇ ಮತ್ತೆ ಇಟ್ಟರೆ ಉಳಿಯಂತೆ ಗೀರನ್ನು ಕೆತ್ತುತ್ತದೆ. ಅದಕ್ಕೇ ಮಗ್ಗುಲಿಗೊಂದು ಹೊಸ ಮುಳ್ಳು. ಕಾಸಿನ ಮುಖ ನೋಡಿ ಹಳೆಯ ಮುಳ್ಳನ್ನೇ ಹತ್ತಾರು ಸಲ ಬಳಸಿದ ಮನೆಗಳ ಪ್ಲೇಟುಗಳು ಇವತ್ತು ಬೂದು ಬಣ್ಣಕ್ಕೆ ತಿರುಗಿ, ಹಾಡಿಗಿಂತ ಹೆಚ್ಚು ಗೊರಗೊರ ಕೇಳಿಸುತ್ತವೆ. ಕೊಳ್ಳುವ ಮುಂಚೆ ಬೆಳಕಿಗೆ ಹಿಡಿದು ಈ ಬೂದು ಬಣ್ಣ ಇದೆಯೇ ನೋಡಬೇಕು.

ಹೊಸಬರು ಮಾಡುವ ದೊಡ್ಡ ಅನಾಹುತ ಸ್ಪಿರಿಟ್ ಹಚ್ಚಿ ಒರೆಸುವುದು. ಬಡಗಿ ಮರಕ್ಕೆ ಪಾಲಿಶ್ ಮಾಡಲು ಅರಗನ್ನು ಕರಗಿಸುವುದು ಅದೇ ಸ್ಪಿರಿಟಿನಲ್ಲಿ! ಪ್ಲೇಟೂ ಕರಗುತ್ತದೆ. ನೀರು, ಒಂದೆರಡು ಹನಿ ಸೌಮ್ಯ ಸೋಪು, ಮೆತ್ತನೆ ಬ್ರಷ್ ಸಾಕು. ಲೇಬಲ್ ಮಾತ್ರ ನೆನೆಯಬಾರದು. ವೇಗದ ಬಗ್ಗೆಯೂ ಎಚ್ಚರ ಬೇಕು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಎಂಬ ಲೆಕ್ಕ ಗಟ್ಟಿಯಾದದ್ದು ಆಮೇಲೆ. ಮೊದಲ ಕಾಲದ ಎಷ್ಟೋ ಪ್ಲೇಟುಗಳ ವೇಗ ಅದಕ್ಕಿಂತ ಕಡಿಮೆ. ಅವನ್ನು ಎಪ್ಪತ್ತೆಂಟರಲ್ಲೇ ತಿರುಗಿಸಿದರೆ ಶ್ರುತಿ ಮೇಲೇರಿ, ಗಾಯಕರ ಕಂಠ ಎಳೆಯದಾಗಿಬಿಡುತ್ತದೆ. ಸ್ಪೀಡಿನ ಸ್ಕ್ರೂ ತಿರುವುತ್ತಾ ಕಂಠ ಸಹಜವಾಗುವ ಜಾಗ ಹುಡುಕಬೇಕು.

ಯುರೋಪ್, ಅಮೆರಿಕಗಳು 78ರ ಪ್ಲೇಟನ್ನು ಕೈಬಿಟ್ಟ ಮೇಲೂ, ಕರೆಂಟಿಲ್ಲದ ಊರುಗಳಲ್ಲಿ ಕೀ ಕೊಡುವ ಗ್ರಾಮಾಫೋನ್ ಪೆಟ್ಟಿಗೆಗಳಿದ್ದುದರಿಂದ ನಮ್ಮಲ್ಲಿ 1960ರ ದಶಕದಲ್ಲೂ ಅವು ತಯಾರಾದವು. ಬೀಟಲ್ಸ್ ಹಾಡುಗಳೂ ಕಲ್ಕತ್ತದ ಡಂಡಂ ಕಾರ್ಖಾನೆಯಲ್ಲಿ 78ರ ರೂಪದಲ್ಲಿ ಅಚ್ಚಾದವು. ವಿದೇಶಿ ಸಂಗ್ರಾಹಕರು ಇವತ್ತಿಗೂ ಅವನ್ನು ಹುಡುಕಿಕೊಂಡು ಇಲ್ಲಿಗೆ ಬರುತ್ತಾರೆ.

ಪ್ಲೇಟು ಸಿಕ್ಕಿದ ಖುಷಿಯಲ್ಲಿ ಪೆಟ್ಟಿಗೆ ಕೊಳ್ಳಲು ಅವಸರಪಡಬೇಡಿ. ಫಳಫಳ ಹೊಳೆಯುವ ಹಿತ್ತಾಳೆ ಕೊಳವೆ, ಮುಂದೆ ಎಚ್‌ಎಂವಿಯ ನಾಯಿಯ ಚಿತ್ರ ಇದ್ದ ಮಾತ್ರಕ್ಕೆ ಅದು ಹಳೆಯದಲ್ಲ. ಹೊಸ ಮರದ ಡಬ್ಬಿಯೊಳಗೆ ಯಾವುದೋ ಮುರಿದ ಪೆಟ್ಟಿಗೆಯ ಮೋಟರು ಕೂರಿಸಿ ‘ಬ್ರಿಟಿಷರ ಕಾಲದ್ದು’ ಎಂದು ಮಾರುವ ದಂಧೆ ಚೆನ್ನಾಗಿಯೇ ನಡೆದಿದೆ. ಅಂಥವುಗಳಲ್ಲಿ ಮುಳ್ಳು ಹಿಡಿಯುವ ಕೈ ಕೂತ ಜಾಗವೇ ತಪ್ಪಾಗಿದ್ದು, ಮುಳ್ಳು ಓರೆಯಾಗಿ ಎಳೆದು ಗೀರಿನ ಗೋಡೆಯನ್ನೇ ತಿನ್ನುತ್ತದೆ. ಅದನ್ನು ಶೋಕೇಸಿನಲ್ಲಿಡಿ, ಅದರ ಮೇಲೆ ಪ್ಲೇಟು ಹಾಕಬೇಡಿ.